ಸ್ಲ್ಯಾಬಿಗೆ ನೀರು ಕುಡಿಸುವವನು

ಸಿಮೆಂಟಿಗೂ ಬಾಯಾರುತ್ತದೆ ಎಂದು ನನಗೆ ತಿಳಿದದ್ದು ತೀರ ಇತ್ತೀಚೆಗೆ. ಮದುವೆಯಾಗಿ ಉಡುಪಿ ಕಡೆಯಿಂದ ಇಲ್ಲಿಗೆ ಬಂದವಳು ಕೂದಲು ಬೆಳ್ಳಗಾಗುವಷ್ಟು ಕಾಲ ಕಟ್ಟಡಗಳ ನಡುವೆಯೇ ಕಳೆದಿದ್ದೇನೆ. ಆದರೂ ಒಂದು ಕಟ್ಟಡ ಹೇಗೆ ಮೇಲೇಳುತ್ತದೆ ಎಂದು ಗಮನವಿಟ್ಟು ನೋಡಿದವಳಲ್ಲ. ನಮ್ಮ ಫ್ಲ್ಯಾಟುಗಳ ಸೊಸೈಟಿಯ ಪಕ್ಕದ ಹಳೇ ಚಾಳನ್ನು, ಅಂದರೆ ಬಾಡಿಗೆ ಕೋಣೆಗಳ ಸಾಲುಮನೆಯನ್ನು, ಕೆಡವಿ ಟವರ್ ಕಟ್ಟಲು ಶುರುಮಾಡಿದಾಗ ಮಾತ್ರ ನೋಡದೆ ವಿಧಿಯಿರಲಿಲ್ಲ, ನನ್ನ ಅಡುಗೆಮನೆಯ ಕಿಟಕಿ ಸರಿಯಾಗಿ ಅದರ ಎದುರಿಗೇ ಇದೆ. ಸಾರಿಗೆ ಒಗ್ಗರಣೆ ಹಾಕುತ್ತಾ, ಅಕ್ಕಿ ತೊಳೆಯುತ್ತಾ, ಒಂದೊಂದೇ ಮಹಡಿ ನನ್ನ ಆಕಾಶವನ್ನು ನುಂಗುವುದನ್ನು ನೋಡಿದೆ.

ನಮ್ಮ ಮನೆ ಠಾಣೆಗೂ ಕಲ್ಯಾಣಕ್ಕೂ ನಡುವೆ ಎಲ್ಲೋ ಒಂದು ಕಡೆ ಇದೆ ಅಂದುಕೊಳ್ಳಿ. ಯಾವ ಸ್ಟೇಷನ್, ಯಾವ ಪಾಲಿಕೆ ಎಂದು ಹೇಳುವುದಿಲ್ಲ. ಹೇಳಿದರೆ ಆ ಪಾಲಿಕೆಯವರೊಬ್ಬರ ಮೇಲೆಯೇ ಬೆರಳು ತೋರಿಸಿದಂತಾಗುತ್ತದೆ, ನನಗೆ ಗೊತ್ತಿರುವ ಮಟ್ಟಿಗೆ ಈ ಕಡೆಯ ಊರುಗಳ ಹಣೆಬರಹವೆಲ್ಲ ಒಂದೇ. ನನ್ನ ಗಂಡನಿಗೆ ಡೊಂಬಿವಲಿಯಲ್ಲಿ ಸಣ್ಣದೊಂದು ಇಡ್ಲಿ-ವಡೆಯ ಹೋಟೆಲಿದೆ. ಬೆಳಕು ಹರಿಯುವ ಮುಂಚೆ ಹೋದರೆ ಮಧ್ಯಾಹ್ನ ಊಟಕ್ಕೇ ಬರುವುದು. ಮನೆಯಲ್ಲಿ ನಾವಾಡುವುದು ತುಳು. ಮಗನಿಗೆ ಕನ್ನಡವೂ ತುಳುವೂ ಎರಡೂ ಅರ್ಥವಾಗುತ್ತವೆ, ಉತ್ತರ ಮಾತ್ರ ಹಿಂದಿಯಲ್ಲಿ ಕೊಡುತ್ತಾನೆ. ಹಾಗಾಗಿ ಒಂದು ಬೆಳಿಗ್ಗೆ ಕಿಟಕಿಯ ಕೆಳಗಿನಿಂದ ಶುದ್ಧ ಕನ್ನಡದ ಬೈಗುಳ ಕೇಳಿಸಿದಾಗ ನನ್ನ ಕೈಯ ಸೌಟು ಹಾಗೇ ನಿಂತಿತು.

"ಏ, ಕೆಳಗ ನೋಡಿ ನೀರ್ ಬಿಡೋ! ನನ್ ತಲಿ ಮ್ಯಾಲೆ ಬೀಳ್ಲತ್ತದ! ಕಣ್ಣೇನ್ ಊರಾಗ ಇಟ್ಟ ಬಂದೀಯೇನು?"

ಕೆಳಗೆ ಇಟ್ಟಿಗೆಯ ರಾಶಿಯ ಪಕ್ಕ ಒಬ್ಬಳು ನೆನೆದು ತೊಪ್ಪೆಯಾಗಿ ನಿಂತಿದ್ದಳು. ಮೇಲೆ, ಆಗಷ್ಟೇ ಹಾಕಿದ ಸ್ಲ್ಯಾಬಿನ ಅಂಚಿನಲ್ಲಿ, ಪೈಪು ಹಿಡಿದ ಅವಳ ಗಂಡ ಹಲ್ಲುಬಿಟ್ಟು ನಗುತ್ತಿದ್ದ. ನನಗೆ ಸಂತೋಷ ತಡೆಯಲಿಲ್ಲ. ಗ್ರಿಲ್ಲಿನಿಂದಲೇ ಕೂಗಿ ಕೇಳಿದೆ, "ಯಾವ ಊರು ಮಾರಾಯ್ತಿ ನಿಮ್ದು?"

"ಕಲಬುರ್ಗಿ ಕಡಿಯವ್ರ್ರಿ ಅಕ್ಕಾರ. ನೀವು?"

"ಉಡುಪಿ."

"ಹಂಗಂದ್ರ ಹೋಟೆಲ್ನವರೇನ್ರಿ?"

ನನಗೆ ಸಿಟ್ಟು ಬೇಗ ಬರುತ್ತದೆ. ಉಡುಪಿಯವರೆಂದರೆ ಹೋಟೆಲು ಬಿಟ್ಟು ಬೇರೆ ಗತಿಯಿಲ್ಲವೇ ಎಂದು ಕೇಳಬೇಕೆಂದಿದ್ದೆ. ಆದರೆ ನಾವು ಹೋಟೆಲಿನವರೇ ಆಗಿದ್ದೆವಲ್ಲ, ನಗು ಬಂದುಬಿಟ್ಟಿತು. ಆ ವಾರದಿಂದಲೇ ಅವಳು ನಮ್ಮ ಮನೆಗೆ ಪಾತ್ರೆ ತೊಳೆಯಲು ಬರತೊಡಗಿದಳು. ಪಾತ್ರೆ ಅರ್ಧ ಗಂಟೆ, ಮಾತು ಒಂದು ಗಂಟೆ.

ಅವಳ ಗಂಡನ ಕೆಲಸ ನೀರು ಕುಡಿಸುವುದು. ಸ್ಲ್ಯಾಬ್ ಹಾಕಿದ ಮೇಲೆ ಅದು ಬಿರುಕು ಬಿಡದೆ ಗಟ್ಟಿಯಾಗಬೇಕಾದರೆ ದಿನಗಟ್ಟಲೆ ಒದ್ದೆಯಾಗಿರಬೇಕಂತೆ. ಅದಕ್ಕಾಗಿ ಸ್ಲ್ಯಾಬಿನ ಮೇಲೆ ಗೇಣು ಎತ್ತರವೂ ಇಲ್ಲದ ಕಟ್ಟೆಗಳನ್ನು ಕಟ್ಟಿ, ಗದ್ದೆಯ ಮಡಿಗಳ ಹಾಗೆ ಭಾಗ ಮಾಡಿ, ನೀರು ತುಂಬಿಸಿ ಬಿಡುತ್ತಾರೆ. ಸೈಟಿನವರು ಅದಕ್ಕೆ ಕ್ಯೂರಿಂಗ್ ಎನ್ನುತ್ತಾರೆ, ಅಂದರೆ ವಾಸಿಮಾಡುವುದು ಎಂದೂ ಅರ್ಥವಂತೆ. ಅವನು ಮಾತ್ರ "ಊರಾಗ ಎಮ್ಮಿಗಿ ನೀರ್ ಕುಡಿಸ್ತಿದ್ದೆ, ಇಲ್ಲಿ ಕಲ್ಲಿಗಿ ಕುಡಿಸ್ಲತ್ತೀನ್ರಿ. ಎಮ್ಮಿ ಕುಡದ್ ಮ್ಯಾಲೆ ಬಾಲಾರ ಅಲ್ಲಾಡಸ್ತಿತ್ತು" ಎನ್ನುತ್ತಿದ್ದ. ಹಸನ್ಮುಖಿ. ಕಿಟಕಿಯಲ್ಲಿ ನನ್ನ ಮುಖ ಕಂಡರೆ ಪೈಪನ್ನು ಈಚೆ ತಿರುಗಿಸಿ, ಒಣಗಿದ ನನ್ನ ಕರಿಬೇವಿನ ಕುಂಡಕ್ಕೂ ಒಂದಿಷ್ಟು ಚಿಮ್ಮಿಸುತ್ತಿದ್ದ. ಅವರಿಗೆ ಒಬ್ಬಳು ಮಗಳಿದ್ದಳು, ಊರಲ್ಲಿ ಅಜ್ಜಿಯ ಹತ್ತಿರ ಶಾಲೆಗೆ ಹೋಗುತ್ತಿದ್ದಳು. ನಾಗರಪಂಚಮಿಗೆ ಊರಿಗೆ ಹೋಗಿ ಅವಳಿಗೆ ಜೋಕಾಲಿ ಕಟ್ಟಿಕೊಟ್ಟು ಬಂದೆ ಎಂದು ಅವನು ಹೇಳಿದ್ದು ನೆನಪಿದೆ.

ಆ ನೀರಿನಲ್ಲಿ ಸೊಳ್ಳೆ ಹುಟ್ಟದೆ ಇನ್ನೇನು ಹುಟ್ಟುತ್ತದೆ? ಮಳೆ ಇಳಿಮುಖವಾಗುತ್ತಿದ್ದಂತೆ ನಮ್ಮ ಸೊಸೈಟಿಯಲ್ಲಿ ಸಂಜೆಯಾದರೆ ಕಿಟಕಿ ತೆರೆಯುವಂತಿರಲಿಲ್ಲ. ಪಾಲಿಕೆಯ ರಿಕ್ಷಾ ಬಂದು ಮೈಕಿನಲ್ಲಿ, ವಾರಕ್ಕೊಂದು ದಿನ 'ಕೋರಡಾ ದಿವಸ' ಅಂದರೆ ಒಣದಿನ ಆಚರಿಸಿ, ಮನೆಯ ಕುಂಡ ಬಾಟಲಿಗಳ ನೀರು ಚೆಲ್ಲಿ ಎಂದು ಸಾರಿ ಹೋಯಿತು. ನಾವು ಮರ್ಯಾದಸ್ಥರು, ಚೆಲ್ಲಿದೆವು. ಮೂರನೇ ಮಹಡಿಯ ಮುದುಕಿಯೊಬ್ಬರ ಫ್ರಿಜ್ಜಿನ ಹಿಂದಿನ ತಟ್ಟೆಯಲ್ಲಿ ಸೊಳ್ಳೆಯ ಹುಳ ಸಿಕ್ಕಿತೆಂದು ಸೆಕ್ರೆಟರಿ ಸೊಸೈಟಿಯ ಮೀಟಿಂಗಿನಲ್ಲಿ ಅವರಿಗೆ ಎಲ್ಲರೆದುರು ಪಾಠ ಹೇಳಿದರು. ಆ ತಟ್ಟೆಯ ನೀರು ಒಂದು ಲೋಟವೂ ಇರಲಿಕ್ಕಿಲ್ಲ. ನಾನು ಎದ್ದು ನಿಂತು, "ಇಲ್ಲಿ ಕಿಟಕಿಯಿಂದ ಒಮ್ಮೆ ಬಗ್ಗಿ ನೋಡಿ, ಅಲ್ಲಿ ಇಡೀ ಕೆರೆಯೇ ಇದೆ" ಎಂದೆ. ಎಲ್ಲರೂ ನನ್ನನ್ನೇ ಬಗ್ಗಿ ನೋಡಿದರು.

ಆ ನೀರಿಗೆ ವಾರಕ್ಕೊಮ್ಮೆ ಔಷಧದ ಎಣ್ಣೆ ಬಿಡಬಹುದು, ಅಥವಾ ಒಂದು ದಿನ ನೀರು ಹರಿಸಿ ಒಣಗಿಸಿ ಮತ್ತೆ ತುಂಬಿಸಬಹುದು. ಅದಕ್ಕೆ ಒಬ್ಬ ಆಳು, ಒಂದು ದಿನ. ಆದರೆ ಫ್ಲ್ಯಾಟು ಬುಕ್ ಮಾಡಿದವರಿಗೆ ಬಿಲ್ಡರ್ ತಾರೀಖು ಕೊಟ್ಟಾಗಿತ್ತು. ದಂಡ ಹಾಕುತ್ತಾರೆ ನಿಜ, ದಂಡ ಕಟ್ಟುವುದು ಒಂದು ದಿನ ಕೆಲಸ ನಿಲ್ಲಿಸುವುದಕ್ಕಿಂತ ಸುಲಭ. ಇದನ್ನು ನನಗೆ ಸೈಟಿನ ಸೂಪರ್‌ವೈಸರ್ ಯಾವ ಮುಚ್ಚುಮರೆಯೂ ಇಲ್ಲದೆ ಹೇಳಿದ. ಅವನು ಸುಳ್ಳು ಹೇಳಿದ್ದರೆ ನನಗೆ ಅಷ್ಟು ಬೇಜಾರಾಗುತ್ತಿರಲಿಲ್ಲ.

ಗಣಪತಿ ಹಬ್ಬ ಹತ್ತಿರ ಬಂದಾಗ ಹೊಗೆಯ ಗಾಡಿ ಬಂತು. ಚುನಾವಣೆಯ ಮಾತು ಗಾಳಿಯಲ್ಲಿತ್ತು, ಹಾಗಾಗಿ ಗಾಡಿಯ ಹಿಂದೆ ಟಿಕೆಟ್ಟಿನ ಆಸೆಯ ಒಬ್ಬ ಪುಢಾರಿಯ ಕಡೆಯವನು ಮೊಬೈಲು ಹಿಡಿದು ವೀಡಿಯೋ ಮಾಡುತ್ತಾ ಬಂದ. ಹೊಗೆ ನಮ್ಮ ಗಲ್ಲಿಯನ್ನೆಲ್ಲ ತುಂಬಿ, ನಮ್ಮ ಗೇಟಿನೊಳಗೆ ಬಂದು, ಪಾರ್ಕಿಂಗಿನಲ್ಲಿ ಒಂದು ಸುತ್ತು ಹೊಡೆಯಿತು. ಸೈಟಿನ ತಗಡಿನ ಬೇಲಿಯ ಹತ್ತಿರ ಬಂದು ನಿಂತಿತು. ಬೇಲಿಯ ಆಚೆ ಕೆಲಸಗಾರರ ತಗಡಿನ ಶೆಡ್ಡುಗಳು, ಅವುಗಳ ಹಿಂದೆ ಸ್ಲ್ಯಾಬು, ಸ್ಲ್ಯಾಬಿನ ಮೇಲೆ ನೀರು. ನಾನು ಕೆಳಗಿಳಿದು ಹೋಗಿ, ಅಲ್ಲಿಗೂ ಹೊಡೆಯಿರಿ, ಸೊಳ್ಳೆ ಹುಟ್ಟುವುದೇ ಅಲ್ಲಿ ಎಂದೆ. ಅದು ಖಾಸಗಿ ಜಾಗ, ಬಿಲ್ಡರನ ಜವಾಬ್ದಾರಿ ಎಂದ ಗಾಡಿಯವನು. ಮೊಬೈಲಿನವನು ಮಾತ್ರ ನನ್ನ ಮೇಲೆ ಕನಿಕರಪಟ್ಟವನ ಹಾಗೆ, "ಕಾಕೂ, ತ್ಯಾಂಚಂ ಮತ್ ಇಥೇ ನಾಹೀ" ಎಂದ. ಅವರ ವೋಟು ಇಲ್ಲಿಲ್ಲ.

ನಿಜವೇ. ಅವರ ವೋಟು ಊರಲ್ಲಿ, ಸೊಳ್ಳೆ ಇಲ್ಲಿ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಹೊಗೆಯಿಂದ ನೀರಿನೊಳಗಿನ ಹುಳ ಸಾಯುವುದಿಲ್ಲ ಎಂದು ಆ ಗಾಡಿಯವನಿಗೂ ಗೊತ್ತಿತ್ತು. ಆದರೆ ಹೊಗೆ ಕಣ್ಣಿಗೆ ಕಾಣುತ್ತದೆ, ಸದ್ದು ಮಾಡುತ್ತದೆ, ವೀಡಿಯೋದಲ್ಲಿ ಚೆನ್ನಾಗಿ ಬರುತ್ತದೆ. ಯಾರೋ ಒಬ್ಬ ಮೆಟ್ಟಿಲು ಹತ್ತಿ ಹೋಗಿ ಸ್ಲ್ಯಾಬಿನ ನೀರಿಗೆ ಒಂದು ಮಗ್ಗು ಎಣ್ಣೆ ಬಿಟ್ಟರೆ ಅದನ್ನು ಯಾರು ನೋಡುತ್ತಾರೆ? ಅಂದು ಆ ಹೊಗೆಗೆ ನಮ್ಮ ಗಲ್ಲಿಯ ಸೊಳ್ಳೆಗಳೂ ತಗಡಿನ ಬೇಲಿ ದಾಟಿ ಅವರ ಶೆಡ್ಡುಗಳಿಗೆ ಹೋಗಿರಬೇಕು. ನಮ್ಮ ಸೊಸೈಟಿಯವರು ಆ ಪುಢಾರಿಗೆ ಹಾರ ಹಾಕಿದರು.

ಹಬ್ಬದ ನಡುವೆ ಒಂದು ದಿನ ಅವಳು ಬರುವಾಗಲೇ ಮುಖ ಸಣ್ಣದು ಮಾಡಿಕೊಂಡಿದ್ದಳು. "ನಮ್ಮನಿಯವಂಗ ಅರಾಮಿಲ್ರಿ ಅಕ್ಕಾರ" ಎಂದಳು. ಉತ್ತರ ಕರ್ನಾಟಕದವರಿಗೆ ಅರಾಮಿಲ್ಲ ಎಂದರೆ ಮೈ ಸರಿಯಿಲ್ಲ, ಕಾಯಿಲೆ ಎಂದು ಅರ್ಥ. ಅವಳ ಜೊತೆ ಮಾತಾಡಿ ಮಾತಾಡಿ ಅಷ್ಟರಲ್ಲಿ ನನಗದು ಗೊತ್ತಾಗಿತ್ತು. ಏನಾಗಿದೆ ಎಂದು ಕೇಳಿದೆ. ಎರಡು ದಿನದಿಂದ ಒಂದು ಹೊತ್ತಿಗೆ ಸರಿಯಾಗಿ ನಡುಕ ಬಂದು, ಸಿಮೆಂಟಿನ ಚೀಲಗಳನ್ನೆಲ್ಲ ಹೊದೆಸಿದರೂ ಹಲ್ಲು ಕಟಕಟ ಎನ್ನುತ್ತಿತ್ತಂತೆ. ಆಮೇಲೆ ಜ್ವರ, ಆಮೇಲೆ ಬೆವರು. ಬೆವರಿಳಿದ ಮೇಲೆ ಎದ್ದು ಮತ್ತೆ ಪೈಪು ಹಿಡಿಯುತ್ತಿದ್ದನಂತೆ.

"ಡಾಕ್ಟರಿಗೆ ತೋರಿಸಲಿಲ್ವಾ?"

"ತೋರ್ಸಾಕ ಹೋಗಿದ್ದೆ ಅಕ್ಕಾರ, ಗಣಪತಿ ಪೆಂಡಾಲ್ದಾಗ ಫುಕಟ್ ಡಾಕ್ಟರ್ ಕುಂತಿದ್ರಲ್ಲ. ನನ್ ಪಾಳಿ ಬಂದಾಗ ಹೇಳ್ದೆ. ಎಲ್ರೂ ನಕ್ಕಬಿಟ್ರು. ಯಾಕ ನಕ್ರು ಅಕ್ಕಾರ?"

"ನೀನೆಂತ ಹೇಳಿದೆ?"

"ಇನ್ನೇನ್ ಹೇಳ್ಲಿರಿ? ಸಾಬ್, ಮೇರೆ ಮರದ್ ಕೋ ಆರಾಮ್ ನಹೀ ಹೈ ಅಂದೆ."

ಹಿಂದಿಯವರ ಕಿವಿಗೆ ಅದು, ನನ್ನ ಗಂಡನಿಗೆ ಬಿಡುವಿಲ್ಲ, ವಿಶ್ರಾಂತಿಯಿಲ್ಲ ಎಂದು. ಅವಳ ಕನ್ನಡ ಅವಳ ಹಿಂದಿಯೊಳಗೆ ಹೊಕ್ಕು ಹೀಗೆ ಹೊರಬಂದಿತ್ತು. ಆ ಡಾಕ್ಟರು, ಆರಾಮ್ ನಮಗಾದರೂ ಎಲ್ಲಿದೆ ಬಾಯಿ, ಬೆಳಿಗ್ಗೆಯಿಂದ ಇಲ್ಲೇ ಕೂತಿದ್ದೇವೆ ಎಂದರಂತೆ. ಸಾಲಿನಲ್ಲಿದ್ದವರೂ ಗೊಳ್ಳೆಂದರಂತೆ. ಗಂಡನಿಗೆ ಕೊಡು, ದಣಿವು ಕಳೆಯುತ್ತದೆ ಎಂದು ಶಕ್ತಿಯ ಗುಳಿಗೆಯ ಒಂದು ಪಟ್ಟಿ ಕೊಟ್ಟು, ಮುಂದಿನವರನ್ನು ಕರೆದರಂತೆ. ಇವಳಿಗೆ ಅವಮಾನವಾಗಿ ಇನ್ನೊಂದು ಮಾತಾಡದೆ ಬಂದುಬಿಟ್ಟಿದ್ದಳು. ನಾನು ಆ ಡಾಕ್ಟರನ್ನು ಬೈಯಲೂ ಆಗಲಿಲ್ಲ. ಮದುವೆಯಾದ ಹೊಸದರಲ್ಲಿ ನಾನೇ ಮರಾಠಿ ನೆರೆಮನೆಯವಳಿಗೆ, ಹುಷಾರಿಲ್ಲ ಎನ್ನಲು ಹೋಗಿ "ಮೀ ಹುಶಾರ್ ನಾಹೀ" ಎಂದಿದ್ದೆ. ನಾನು ಜಾಣೆಯಲ್ಲ ಎಂದಂತಾಯಿತು. ಅವಳು ಇಂದಿಗೂ ಅದನ್ನು ಹೇಳಿ ನಗುತ್ತಾಳೆ. ನನ್ನದು ನಗುವಿನಲ್ಲಿ ಮುಗಿಯಿತು.

ನಾನು ಒಲೆ ಆರಿಸಿ, ಅವರಿಬ್ಬರನ್ನೂ ರಿಕ್ಷಾದಲ್ಲಿ ಕೂರಿಸಿಕೊಂಡು ಪಾಲಿಕೆಯ ದವಾಖಾನೆಗೆ ಹೋದೆ. ಮಧ್ಯಾಹ್ನದ ಊಟವಿಲ್ಲದೆ ನನ್ನ ಗಂಡ ಫೋನಿನಲ್ಲಿ, "ನಿಕ್ಕ್ ದಾಯೆ ಊರುದ ಬೇಲೆ?" ಎಂದು ಗೊಣಗಿದರು. ಊರ ಉಸಾಬರಿ ನಿನಗೇಕೆ ಎಂದು. ನಾನು ಫೋನಿಟ್ಟೆ.

ದವಾಖಾನೆಯಲ್ಲಿ ಬೆರಳು ಚುಚ್ಚಿ ರಕ್ತ ನೋಡಿದರು. ಮಲೇರಿಯಾ. ಅಂಥ ಅಪಾಯದ್ದಲ್ಲ, ಸಾದಾ ಜಾತಿಯದು, ಆದರೆ ಯಕೃತ್ತಿನಲ್ಲಿ ಅಡಗಿ ಕೂತು ಮತ್ತೆ ಮತ್ತೆ ಬರುವಂಥದು ಎಂದರು. ಮೊದಲಿನ ಮೂರು ದಿನ ಜ್ವರದ್ದು, ಆಮೇಲೆ ಬೇರು ಕೀಳಲು ಎರಡು ವಾರದ ಗುಳಿಗೆ. ಅಲ್ಲಿಯತನಕ ಎಲ್ಲವೂ ಚೆನ್ನಾಗಿಯೇ ಇತ್ತು. ಆಮೇಲೆ ಅಲ್ಲಿದ್ದ ಗುಮಾಸ್ತ, ಈಚೆಗೆ ಎಲ್ಲಿಗಾದರೂ ಹೋಗಿದ್ದೆಯಾ ಎಂದು ಕೇಳಿದ. ಇವನು ಸಂತೋಷದಿಂದ, ಪಂಚಮಿಗೆ ಊರಿಗೆ ಹೋಗಿದ್ದೆ, ಮಗಳಿಗೆ ಜೋಕಾಲಿ ಕಟ್ಟಿದೆ ಎಂದ. ಗುಮಾಸ್ತನಿಗೆ ಅಷ್ಟೇ ಸಾಕಾಯಿತು.

"ಬಾಹೇರ್ಚಾ" ಎನ್ನುತ್ತಾ ರಿಜಿಸ್ಟರಿನಲ್ಲಿ ಬರೆದ. ಹೊರಗಿನದು.

ಪಂಚಮಿ ಕಳೆದು ಎಷ್ಟು ದಿನವಾಯಿತು, ಅಲ್ಲಿಂದ ತಂದ ಜ್ವರ ಇಷ್ಟು ದಿನ ಗಂಟಿನಲ್ಲಿ ಕಟ್ಟಿಟ್ಟಿದ್ದನೇ ಎಂದು ನಾನು ಜಗಳಕ್ಕೆ ನಿಂತೆ. ಗುಮಾಸ್ತ ಕೆಟ್ಟವನಲ್ಲ. ಮೆಲ್ಲಗೆ ಹೇಳಿದ, "ಇಲ್ಲಿನದು ಎಂದರೆ ಮೇಲಿನವರು ನಮ್ಮನ್ನು ಕೇಳುತ್ತಾರೆ ತಾಯಿ. ಹೊರಗಿನದು ಎಂದರೆ ಯಾರೂ ಕೇಳುವುದಿಲ್ಲ." ಇಲ್ಲಿನ ಕೇಸು ಎಂದಾಗಿದ್ದರೆ ಮರುದಿನ ಒಬ್ಬರು ಬಂದು ಆ ಸ್ಲ್ಯಾಬಿನ ನೀರನ್ನು ನೋಡಲೇಬೇಕಿತ್ತು. ಹೊರಗಿನದಾದ್ದರಿಂದ ಯಾರೂ ಮೆಟ್ಟಿಲು ಹತ್ತಲಿಲ್ಲ. ಕಾಗದದ ಪ್ರಕಾರ ನಮ್ಮ ವಾರ್ಡಿನಲ್ಲಿ ಮಲೇರಿಯಾ ಇರಲೇ ಇಲ್ಲ. ಅದನ್ನು ಯೋಚಿಸಿದಾಗ ಇವತ್ತಿಗೂ ನನಗೆ ಮೈ ಉರಿಯುತ್ತದೆ.

ಗುಳಿಗೆ ನುಂಗಿಸುವುದು ಒಬ್ಬ ಆರೋಗ್ಯ ಸೇವಿಕೆಯ ಕೆಲಸ. ದಿವಾ ಸ್ಟೇಷನ್ನಿನಿಂದ ಲೋಕಲ್ ರೈಲಿನ ಬಾಗಿಲಲ್ಲಿ ಒತ್ತರಿಸಿ ನಿಂತು ಬರುತ್ತಿದ್ದ ಮರಾಠಿ ಹೆಣ್ಣುಮಗಳು. ಅವಳ ಗೌರವಧನ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಆದರೂ ಸೈಟಿಗೆ ಬಂದು, ಅವನನ್ನು ಕೆಳಗೆ ಕರೆಸಿ, ಕಣ್ಣೆದುರೇ ನುಂಗಿಸಿ ಹೋಗುತ್ತಿದ್ದಳು. ನಾನು ನಡುವೆ ನಿಂತು ಅವಳ ಮರಾಠಿಯನ್ನು ಇವರಿಗೆ ಕನ್ನಡದಲ್ಲಿ ಹೇಳುತ್ತಿದ್ದೆ. ಜ್ವರ ಬಿಟ್ಟಿತು. ಅವನ ನಗು ಮರಳಿತು, ನನ್ನ ಕರಿಬೇವಿಗೂ ನೀರು ಬಂತು.

ಎರಡು ವಾರ ಮುಗಿಯುವ ಮೊದಲೇ ಒಂದು ದಿನ ಅವಳು ಬಂದು, "ನಾಳಿ ಹೊಂಟೇವ್ರಿ ಅಕ್ಕಾರ" ಎಂದಳು. ಇಲ್ಲಿಯ ಸ್ಲ್ಯಾಬುಗಳು ಮುಗಿದಿದ್ದವು. ಅವರ ಮುಕಾದಮ, ಅಂದರೆ ಊರಿಂದ ಆಳುಗಳನ್ನು ಕರೆತಂದು ಸೈಟುಗಳಿಗೆ ಒದಗಿಸುವವನು, ಇಡೀ ಗುಂಪನ್ನು ನವಿ ಮುಂಬೈಯ ಒಂದು ದೊಡ್ಡ ಕೆಲಸಕ್ಕೆ ಕೊಟ್ಟಿದ್ದ. ನಾನು ಮುಕಾದಮನನ್ನು ಗೇಟಿನ ಹತ್ತಿರ ತಡೆದು, ಇವನ ಔಷಧಿ ಮುಗಿಯುವ ತನಕವಾದರೂ ಬಿಡಿ ಎಂದೆ. ಅವನೂ ಕಲಬುರ್ಗಿ ಕಡೆಯವನೇ.

"ಅಲ್ಲಿ ಸ್ಲ್ಯಾಬ್ ನಮ್ಮ ಸಲುವಾಗಿ ನಿಂದ್ರಂಗಿಲ್ರಿ ಅಕ್ಕಾ. ಇವ ಬರ್ಲಿಲ್ಲಂದ್ರ ಇನ್ನೊಬ್ಬ ಬರ್ತಾನ, ಇವನ್ ಪಾಳಿ ಹೋತು. ನನಗೂ ಅಂಬರನಾಥದಾಗ ಇದೇ ಜ್ವರ ಬಂದಿತ್ತು. ನಾ ಏನ್ ಸತ್ತೇನು?"

ಸೇವಿಕೆ ಓಡಿಬಂದಳು. ಅವಳಿಗೆ ಅಳುವೇ ಬಂದಿತ್ತು. ಅವನು ಹೋಗುವುದು ಬೇರೆ ಪಾಲಿಕೆಯ ಸರಹದ್ದಿಗೆ. ಅಲ್ಲಿ ಅವಳು ಹೋಗುವಂತಿಲ್ಲ, ಅಲ್ಲಿಯವರಿಗೆ ಇವನು ಯಾರೆಂದು ಗೊತ್ತಿಲ್ಲ. ಉಳಿದ ಗುಳಿಗೆಗಳನ್ನು ಅವನ ಕೈಗೇ ಕೊಟ್ಟು, ಒಂದೂ ತಪ್ಪಿಸಬೇಡ ಎಂದು ಹೇಳಲು ನನಗೆ ಹೇಳಿದಳು. ನಾನು ಹೇಳಿದೆ. ಮತ್ತೆ ಹೇಳಿದೆ. ಅವನು ಗುಳಿಗೆಯ ಪಟ್ಟಿಯನ್ನು ಅಂಗಿಯ ಒಳಜೇಬಿಗೆ ಹಾಕಿಕೊಂಡು, "ಈಗ ಅರಾಮ ಆಗೇದಲ್ರೀ ಅಕ್ಕಾರ" ಎಂದ. ಮರುದಿನ ಟೆಂಪೋದಲ್ಲಿ ಪಾತ್ರೆ, ತಗಡು, ಚಾಪೆಗಳ ಮೇಲೆ ಕುಳಿತು ಹೋದರು.

ನವರಾತ್ರಿ ಕಳೆಯಿತು. ನಡುವೆ ಅವಳ ಫೋನು ಬರುತ್ತಿತ್ತು. ಅಲ್ಲಿ ಮಾತಾಡಲು ಯಾರೂ ಇಲ್ಲ, ನೀರು ಟ್ಯಾಂಕರಿನದು, ಸೊಳ್ಳೆ ಇಲ್ಲಿಗಿಂತ ಹೆಚ್ಚು ಎಂದೆಲ್ಲ ಹೇಳುತ್ತಿದ್ದಳು. ದೀಪಾವಳಿ ಹತ್ತಿರವಾದಾಗ, ಚಕ್ಕುಲಿಗೆ ಹಿಟ್ಟು ಕಲಸುತ್ತಿದ್ದೆ, ಫೋನು ಬಂತು.

"ಅಕ್ಕಾರ, ಮತ್ತ ಅರಾಮ ತಪ್ಯಾದ್ರಿ. ಈ ಸಲ ನಡುಕ ಇಲ್ಲ, ಸುಮ್ನ ಜ್ವರ. ಗುಳಗಿ ಕೊಟ್ಟೀನಿ, ಆದ್ರೂ ಇಳಿವಲ್ದು. ಮಾತಾಡಿದ್ರ ಏನೇನೋ ಅಂತಾನ."

"ಯಾವ ಗುಳಿಗೆ ಕೊಟ್ಟೆ?"

"ಹಳೀವ್ರಿ. ಅವತ್ತ ಸೇವಿಕಾಬಾಯಿ ಕೊಟ್ಟಿದ್ರಲ್ಲ, ಅವು. ಆಗ ಅರಾಮ ಆಗಿತ್ತಲ್ರೀ, ಮತ್ಯಾಕ ತಿನ್ನೂದು, ಮುಂದಿನ ಸಲಕ್ಕ ಇರ್ಲಿ ಅಂತ ಎತ್ತಿ ಇಟ್ಟಿದ್ದಾ."

ಬಡವರ ಮನೆಯಲ್ಲಿ ಯಾರೂ ಔಷಧಿ ಎಸೆಯುವುದಿಲ್ಲ. ಉಳಿದ ಸಕ್ಕರೆಯ ಹಾಗೆ ಅದನ್ನೂ ಕಟ್ಟಿಡುತ್ತಾರೆ. ನಮ್ಮಮ್ಮನೂ ಕಟ್ಟಿಡುತ್ತಿದ್ದರು. ಅದು ದಡ್ಡತನವಲ್ಲ, ಸಂಸಾರಸ್ಥರ ಜೋಪಾನ. ಆ ಜೋಪಾನದಲ್ಲಿ ಮೂರು ನಾಲ್ಕು ದಿನ ಕಳೆದುಹೋಗಿದ್ದವು.

ಹಿಟ್ಟಿನ ಕೈಯನ್ನು ತೊಳೆದು ಹೊರಟೆ. ಠಾಣೆಗೆ ಹೋಗಿ, ವಾಶಿಯ ಗಾಡಿ ಹಿಡಿದು, ಅಲ್ಲಿಂದ ರಿಕ್ಷಾದಲ್ಲಿ ಅವರ ಸೈಟು ಹುಡುಕಿದೆ. ಹೊರಗೆ ದೊಡ್ಡ ಹೋರ್ಡಿಂಗಿನಲ್ಲಿ ನೀಲಿ ಈಜುಕೊಳದ ಚಿತ್ರ. ಒಳಗೆ ಲಿಫ್ಟಿಗೆಂದು ತೋಡಿದ ಗುಂಡಿಗಳಲ್ಲಿ ಮಳೆಗಾಲದ ನೀರು ಹಾಗೇ ನಿಂತಿತ್ತು. ತಗಡಿನ ಶೆಡ್ಡಿನಲ್ಲಿ ಅವನು ಮಲಗಿದ್ದ. ಕಣ್ಣುಗಳು ಹಳದಿಯಾಗಿದ್ದವು. ನನ್ನನ್ನು ನೋಡಿ ನಕ್ಕಹಾಗೆ ಮಾಡಿ, "ಪೈಪ್ ಬಂದ್ ಮಾಡ್ರಿ, ನೀರ್ ಹೊಂಟದ" ಎಂದ. ಪೈಪು ಎಲ್ಲಿಯೂ ಇರಲಿಲ್ಲ. ಅವಳು ಅವನ ಅಂಗಾಲು ತಿಕ್ಕುತ್ತಾ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಏನಾದರೂ ಹೇಳುತ್ತೇನೆ, ಹೇಳಿದ ಕೂಡಲೇ ಎಲ್ಲ ಸರಿಯಾಗುತ್ತದೆ ಎಂದು ಅವಳ ನಂಬಿಕೆ. ಅಂಥ ನಂಬಿಕೆಯನ್ನು ಎದುರಿಸಿ ನಿಲ್ಲುವುದಕ್ಕಿಂತ ಕಷ್ಟದ ಕೆಲಸ ನಾನು ಮಾಡಿಲ್ಲ.

ದೊಡ್ಡ ಸರಕಾರಿ ಆಸ್ಪತ್ರೆಯಲ್ಲಿ ಕೂಡಲೇ ಸೇರಿಸಿಕೊಂಡರು. ಅವರು ಮಾಡುವುದನ್ನೆಲ್ಲ ಮಾಡಿದರು, ಆ ಮಾತು ಹೇಳಲೇಬೇಕು. ಎಳೆಯ ವಯಸ್ಸಿನ ಡಾಕ್ಟರೊಬ್ಬಳು ನನ್ನನ್ನು ಪಕ್ಕಕ್ಕೆ ಕರೆದು, ಈ ಸಲದ್ದು ಹಳೆಯ ಜ್ವರವಲ್ಲ, ಬೇರೆ ಜಾತಿಯದು, ಮೆದುಳಿಗೆ ಏರುವಂಥದು, ಹೊಸದಾಗಿ ಅಂಟಿಕೊಂಡಿದೆ, ಆ ಹಳೇ ಗುಳಿಗೆ ಇದಕ್ಕೆ ನೀರು ಕುಡಿದಷ್ಟೇ ಎಂದಳು. ಮೊದಲ ದಿನವೇ ಬಂದಿದ್ದರೆ ಎಂದು ಶುರುಮಾಡಿ, ಕೇಸ್ ಪೇಪರು ಎತ್ತಿಕೊಂಡು ವಾರ್ಡಿನೊಳಗೆ ಹೋದಳು.

ಅವನು ಮೂರನೇ ದಿನ ಮಧ್ಯಾಹ್ನ ಹೋದ. ಊರಿಂದ ಅವನ ತಮ್ಮ ಬಂದಿದ್ದ. ಮುಕಾದಮನೂ ಗುಂಪಿನವರೂ ಅರ್ಧ ದಿನ ಕೆಲಸ ಬಿಟ್ಟು ಬಂದರು. ಅಲ್ಲೇ ಸ್ಮಶಾನದಲ್ಲಿ ಎಲ್ಲ ಮುಗಿಸಿದರು. ಮುಕಾದಮ ಒಬ್ಬನೇ ಮೂಲೆಯಲ್ಲಿ ಕುಕ್ಕರುಗಾಲಲ್ಲಿ ಕುಳಿತು ಬಿಕ್ಕಿ ಬಿಕ್ಕಿ ಅತ್ತ. ಅವನ ಮೇಲೆ ಇಟ್ಟುಕೊಂಡಿದ್ದ ಸಿಟ್ಟನ್ನು ಎಲ್ಲಿಡಬೇಕೆಂದು ನನಗೆ ತಿಳಿಯಲಿಲ್ಲ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎನ್ನುತ್ತಾರಲ್ಲ, ಆ ಸೈಟಿಗೆ ಮಾರನೇ ದಿನ ಹೊಗೆಯ ಗಾಡಿ ಬಂತಂತೆ. ಗುಂಪಿನವರು ವಿಚಾರಿಸಿದಾಗ ಅಲ್ಲಿಯ ಪಾಲಿಕೆಯವರು, ಇವನಿಗೆ ಮೊದಲೇ ಇತ್ತು, ಹಿಂದಿನ ಸೈಟಿನಿಂದ ತಂದದ್ದು ಎಂದರಂತೆ. ನಮ್ಮ ಪಾಲಿಕೆಯವರನ್ನು ನಾನೇ ಹೋಗಿ ಕೇಳಿದೆ. ಅವನು ಇಲ್ಲಿಂದ ಹೋಗಿ ಆಯಿತಲ್ಲ, ಸತ್ತದ್ದು ಅಲ್ಲಿ ಎಂದರು. ಬದುಕಿದ್ದಾಗಲೂ ಹೊರಗಿನವನು, ಸತ್ತ ಮೇಲೂ ಹೊರಗಿನವನು. ಈ ಊರುಗಳ ಎಷ್ಟು ಮಹಡಿಗಳು ಅವನ ಕೈಯ ನೀರು ಕುಡಿದು ಗಟ್ಟಿಯಾಗಿ ನಿಂತಿವೆಯೋ, ಅವುಗಳಲ್ಲಿ ಒಂದರಲ್ಲೂ ಅವನು ಇಲ್ಲಿನವನು ಎಂದು ಒಪ್ಪಿಕೊಳ್ಳುವವರು ಯಾರೂ ಇಲ್ಲ.

ಅವಳನ್ನು ಕಳಿಸಲು ನಾನು ಕಲ್ಯಾಣ ಸ್ಟೇಷನ್ನಿಗೆ ಹೋಗಿದ್ದೆ. ಕಲಬುರ್ಗಿಯ ಗಾಡಿ ತಡವಾಗಿತ್ತು. ಮೈದುನ ನೀರು ತರಲು ಹೋಗಿದ್ದ. ಅವಳು ಪ್ಲಾಟ್‌ಫಾರ್ಮಿನ ಮೇಲೆ ಗಂಟಿಗೆ ಒರಗಿ ಕುಳಿತಿದ್ದಳು. ಆವತ್ತಿನಿಂದ ಅವಳು ಅತ್ತದ್ದನ್ನು ನಾನು ಕಂಡಿರಲಿಲ್ಲ, ಆಗಲೂ ಅಳಲಿಲ್ಲ. ನಾನು ಕಟ್ಟಿಕೊಟ್ಟ ಬುತ್ತಿಯನ್ನು ತೊಡೆಯ ಮೇಲಿಟ್ಟುಕೊಂಡು ಕೇಳಿದಳು.

"ಅಕ್ಕಾರ, ಊರಾಗ ಇಳದ ಕೂಡ್ಲೇ ನನ್ ಮಗಳು ಕೇಳ್ತಾಳ. ಅಪ್ಪ ಯಾತಕ್ಕ ಸತ್ತ ಅಂತ. ಏನ್ ಹೇಳ್ಲಿರಿ?"

"ಮಲೇರಿಯಾ ಅಂತ ಹೇಳು ಮಗಾ. ಸೊಳ್ಳೆ ಕಚ್ಚಿ ಜ್ವರ ಬಂತು ಅಂತ ಹೇಳು. ನಿಜ ಅದೇ ಅಲ್ವಾ?"

ಅವಳು ತಲೆ ಅಲ್ಲಾಡಿಸಿದಳು.

"ಅಷ್ಟಕ್ಕ ಯಾರ್ ಸಾಯ್ತಾರ್ರಿ? ಯಾರೂ ನಂಬಂಗಿಲ್ಲ. ಕುಡದ್ ಸತ್ತಾನ ಅಂತಾರ, ಇಲ್ಲಾ ನಾನೇ ನೋಡ್ಕೊಳ್ಳಿಲ್ಲ ಅಂತಾರ. ಸೊಳ್ಳಿ ಕಡದ್ ಸಾಯೋಹಂಗ ಇದ್ನೇನವ್ವಾ ನಿನ್ ಗಂಡ ಅಂತ ನಗ್ತಾರ."

ದೂರದಲ್ಲಿ ಗಾಡಿಯ ಸದ್ದು ಕೇಳಿಸಿತು. ಜನ ಎದ್ದು ಗಂಟುಮೂಟೆ ಹೊತ್ತುಕೊಳ್ಳತೊಡಗಿದರು. ಅವಳೂ ಎದ್ದು, ಸೆರಗು ಸರಿಮಾಡಿಕೊಂಡು, ನಾಳೆ ಎಷ್ಟು ಹೊತ್ತಿಗೆ ಬರಲಿ ಎಂದು ಕೇಳುವವಳ ಹಾಗೆ ಶಾಂತವಾಗಿ ಹೇಳಿದಳು.

"ಸ್ಲ್ಯಾಬ್ ಮ್ಯಾಲಿಂದ ಬಿದ್ದ ಸತ್ತ ಅಂತ ಹೇಳ್ತೀನ್ರಿ ಅಕ್ಕಾರ. ಅದಾದ್ರ ಎಲ್ರೂ ನಂಬ್ತಾರ."

ನಾನು ಗಂಟಿನ ಒಂದು ತುದಿ ಹಿಡಿದು ಅವಳನ್ನು ಡಬ್ಬಿಗೆ ಹತ್ತಿಸಿದೆ.